ಐದು ನಲವತ್ತೊಂದರ ನಾಡಿ

"ಸೈನ್ ಮಾಡಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದವನೇ ಅಂಬಣ್ಣ ನಿಜವಾಗಿಯೂ ಕೌಂಟರಿನ ಬುಡಕ್ಕೆ ಬಗ್ಗಿಬಿಟ್ಟ.

ಟೋಕನ್ ಹಿಡಿದು ಕೂತಿದ್ದ ಗಿರಾಕಿಗಳು ತಲೆಯೆತ್ತಿ ನೋಡಿದರು. ಬೇಗಂಪೇಟೆಯ ನಮ್ಮ ಸರ್ವಿಸ್ ಸೆಂಟರಿನಲ್ಲಿ ಆಗ ಹನ್ನೊಂದೂವರೆ. ಮುರಿದ ಗಾಜು, ಸತ್ತ ಬ್ಯಾಟರಿ, ಕಳೆದುಹೋದ ಚಾರ್ಜರ್, ಇವಕ್ಕಾಗಿ ಬೈಸಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಕಾಲು ಹಿಡಿಸಿಕೊಳ್ಳುವುದು ಇದೇ ಮೊದಲು.

ನನ್ನ ಮುಂದಿದ್ದ ಕಾಗದದಲ್ಲಿ ಎರಡೇ ಸಾಲು. ಮೃತರ ಕೈಯಲ್ಲಿದ್ದ ಫಿಟ್‌ನೆಸ್ ಬ್ಯಾಂಡು ಸರಿಯಾಗಿ ಕೆಲಸ ಮಾಡುತ್ತಿತ್ತು. ಅದರ ನಿದ್ರೆಯ ದಾಖಲೆಯಲ್ಲಿ ಯಾವ ದೋಷವೂ ಇಲ್ಲ. ಕೆಳಗೆ ನನ್ನ ಹೆಸರು, ನಳಿನಿ, ಹಿರಿಯ ತಂತ್ರಜ್ಞೆ. ಅದರ ಮೇಲೆ ಸಹಿಗೆ ಜಾಗ.

ಸೋಮವಾರ ಬೆಳಿಗ್ಗೆ ನಾರಾಯಣಗೂಡದ ಫ್ಲ್ಯಾಟೊಂದರಲ್ಲಿ ಎಪ್ಪತ್ತೆರಡರ ಸಿದ್ದರಾಮಪ್ಪನವರನ್ನು ಯಾರೋ ದಿಂಬು ಒತ್ತಿ ಕೊಂದಿದ್ದರು. ನಿನ್ನೆ, ಬುಧವಾರ ಸಂಜೆ, ಪೊಲೀಸರು ಆ ಮನೆಯ ಕೆಲಸದ ಹಂಪಮ್ಮನನ್ನು, ಎಂದರೆ ಈ ಅಂಬಣ್ಣನ ಹೆಂಡತಿಯನ್ನು, ಹಿಡಿದು ಕೂರಿಸಿದ್ದರು.

"ಏಳಪ್ಪಾ ಮೊದಲು" ಎಂದೆ. ದನಿ ಒರಟಾಗಿಯೇ ಬಂತು. ಅಳುವ ಗಂಡಸರ ಮುಂದೆ ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ.

ಅವನು ಎದ್ದ. ಸೆಂಟ್ರಿಂಗ್ ಕೆಲಸ ಬಿಟ್ಟು ಹಾಗೇ ಬಂದಿದ್ದನೇನೋ, ಮೊಣಕೈವರೆಗೆ ಸಿಮೆಂಟು ಒಣಗಿ ಬಿರುಕು ಬಿಟ್ಟಿತ್ತು.

"ಆಕಿ ಸ್ಟೇಷನ್‌ನ್ಯಾಗ ಬಾಯೇ ಬಿಡವಲ್ಲಳ್ರಿ. 'ಪಟ್ಟಿ ಅಜ್ಜಾರ ಕೈಯಾಗ ಇತ್ತು' ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ. ಸೋಮವಾರ ಓಡಿಕೋಂತ ನಮ್ಮ ಶೆಡ್ಡಿಗಿ ಬಂದ್ಲು. 'ಅಜ್ಜಾರು ಹೋಗ್ಯಾರ, ಇನ್ನ ಅಮ್ಮಾರ್ನ ಬೈತಾರ' ಅಂತ ಅತ್ಲು. ಅಷ್ಟ ರೀ."

"ಅಮ್ಮಾರನ್ನ ಯಾರು ಬೈತಾರ? ಯಾಕ ಬೈತಾರ?"

"ನನಗೇನ ಗೊತ್ರಿ ಅಕ್ಕಾರ. ನಾ ಕೇಳಿದರ ಸುಮ್ಮನ ಅತ್ಲು."

ಹಂಪಮ್ಮ ನನಗೆ ಹೊಸಬಳಲ್ಲ. ಎರಡು ವರ್ಷ ನಮ್ಮ ಸೆಂಟರಿನ ಕಸ ಗುಡಿಸಿದ್ದಾಳೆ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹದಿನೇಳು ದಿನ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಮಲಗಿದವಳು. ಸ್ವಂತ ಅಕ್ಕತಂಗಿಯರು ಬಂದು ಹಣ್ಣು ಕೊಟ್ಟು ಹೋದರು. ಹಂಪಮ್ಮ ಹೋಗಲಿಲ್ಲ. ಅಂಥವಳ ಕೊರಳಿಗೆ ನನ್ನ ಸಹಿಯಿಂದಲೇ ಉರುಳು ಬೀಳುವುದಿತ್ತು.

ಇನ್ಸ್‌ಪೆಕ್ಟರ್ ಶಿವಪ್ರಕಾಶರ ಲೆಕ್ಕ ಮಾತ್ರ ಬಲು ನೇರ. ನಾರಾಯಣಖೇಡದ ಕಡೆಯವರು, ಕನ್ನಡದಲ್ಲೇ ನನಗೆ ಬಿಡಿಸಿ ಹೇಳಿದ್ದರು. ಬ್ಯಾಂಡಿನ ಪ್ರಕಾರ ಮುದುಕರು ಆವತ್ತು ಐದು ನಲವತ್ತೊಂದರವರೆಗೆ ನಿದ್ದೆಯಲ್ಲಿದ್ದರು. ಐದು ನಲವತ್ತೊಂದಕ್ಕೆ ನಾಡಿ ನಿಂತಿತು. ಮಗ ಬಸವಕಿರಣ ಐದು ಐದಕ್ಕೇ ಕಾರು ತೆಗೆದು ಶಂಶಾಬಾದಿಗೆ, ಏರ್‌ಪೋರ್ಟಿನ ಕಾರ್ಗೋ ಕಚೇರಿಗೆ ಹೊರಟದ್ದು ಗೇಟಿನ ಕ್ಯಾಮೆರಾದಲ್ಲಿದೆ. ಸೊಸೆ ತವರಿನಲ್ಲಿದ್ದಳು. ಮುದುಕಿ ಇನ್ನೊಂದು ಕೋಣೆಯಲ್ಲಿ ಮಲಗಿದ್ದರು. ಹಂಪಮ್ಮ ಐದು ಇಪ್ಪತ್ತಕ್ಕೆ ಒಳಗೆ ಹೋಗಿ ಐದು ನಲವತ್ತೈದಕ್ಕೆ ಓಡಿಬಂದಿದ್ದಾಳೆ.

"ಇನ್ನೇನ ಬೇಕ್ರಿ ಮೇಡಂ? ನಾಲ್ಕಕ್ಕ ಕೋರ್ಟಿಗಿ ಹಾಜರ ಮಾಡಬೇಕು. ಮೂರರ ಒಳಗ ನಿಮ್ಮ ಕಾಗದ ನನ್ನ ಟೇಬಲ್ ಮ್ಯಾಲಿರಲಿ" ಎಂದಿದ್ದರು.

ಎಂದರೆ ನನ್ನ ಕೈಯಲ್ಲಿ ಉಳಿದದ್ದು ಮೂರೂವರೆ ತಾಸು.

ಕಾನ್‌ಸ್ಟೇಬಲ್ ಮೇಜಿನ ಆಚೆ ಕೂತು ಬ್ಯಾಂಡಿನ ಮೇಲೆ ಕಣ್ಣಿಟ್ಟಿದ್ದ. ನಾನು ಕೈಗವಸು ಹಾಕಿ ಅದನ್ನು ಲಕೋಟೆಯಿಂದ ತೆಗೆದೆ.

ಒಂಬತ್ತು ವರ್ಷದಿಂದ ಇದೇ ನನ್ನ ಬಾಳು. ರಾತ್ರಿಯೆಲ್ಲ ಗೊರಕೆ ಹೊಡೆದು ಬೆಳಿಗ್ಗೆ ಬಂದು, "ಮೇಡಂ, ನಿನ್ನೆ ನಾನು ಮಲಗೇ ಇಲ್ಲ ಅಂತ ತೋರಿಸ್ತಿದೆ" ಎಂದು ಜಗಳ ಕಾಯುವವರನ್ನು ಸಮಾಧಾನ ಮಾಡುವುದು. ಕಾರಣಗಳು ಏನು ಮಹಾ? ಪಟ್ಟಿ ಸಡಿಲವಾಗಿರುತ್ತದೆ. ಹಿಂಬದಿಯ ಹಸಿರು ದೀಪದ ಮೇಲೆ ಕೊಬ್ಬರಿಎಣ್ಣೆ ಮೆತ್ತಿರುತ್ತದೆ. ಬ್ಯಾಟರಿ ಇಳಿದಿರುತ್ತದೆ. ಇಲ್ಲವೇ ಅಲುಗಾಡದೆ ಕೂತು ಸಿನಿಮಾ ನೋಡಿದ್ದನ್ನೇ ಅದು ನಿದ್ದೆ ಎಂದು ಬರೆದಿರುತ್ತದೆ. ಯಂತ್ರಕ್ಕೆ ನಿದ್ದೆ ಅಂದರೆ ಏನೆಂದು ಗೊತ್ತಿಲ್ಲ. ಕೈ ಆಡುತ್ತಿಲ್ಲ, ನಾಡಿ ನಿಧಾನವಾಗಿದೆ, ಅಷ್ಟಾದರೆ ಮಲಗಿದ್ದಾರೆ ಎಂದು ಬರೆದುಕೊಳ್ಳುತ್ತದೆ.

ಒಂದೊಂದಾಗಿ ನೋಡಿದೆ. ದೀಪ ಸ್ವಚ್ಛ. ಬ್ಯಾಟರಿ ಗಟ್ಟಿ. ಗಡಿಯಾರ ಸೆಕೆಂಡೂ ತಪ್ಪಿಲ್ಲ. ನನ್ನ ಕೈಗೇ ಕಟ್ಟಿ ಪರೀಕ್ಷಿಸಿದೆ, ನನ್ನ ನಾಡಿಯನ್ನು ಸರಿಯಾಗಿಯೇ ಎಣಿಸಿತು. ದೋಷವಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ರಿಪೇರಿಗೆ ಕೂತದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಹಾಳಾದ್ದಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಹೊರಗಡೆಯ ಒಂದು ತೂತು ಹಿಗ್ಗಿತ್ತು. ಅದು ಸಹಜ, ದಿನಾ ಅದೇ ತೂತಿಗೆ ಕಟ್ಟುತ್ತಾರೆ. ಆದರೆ ಅದಕ್ಕಿಂತ ಮೂರು ತೂತು ಒಳಗೆ, ಇನ್ನೊಂದೂ ಅಷ್ಟೇ ಹಿಗ್ಗಿತ್ತು.

ಇದೊಂದು. ಬ್ಯಾಂಡಿನಲ್ಲಿ ಉಳಿದಿದ್ದ ಕೊನೆಯ ಅರವತ್ತಮೂರು ದಿನದ ನಾಡಿಯ ದಾಖಲೆಯನ್ನು ಪರದೆಯ ಮೇಲೆ ಬಿಡಿಸಿದಾಗ ಇನ್ನೊಂದು ಸಿಕ್ಕಿತು. ಪ್ರತಿದಿನ ನಾಲ್ಕೂವರೆಯ ಆಸುಪಾಸಿನಲ್ಲಿ ಮೂರ್ನಾಲ್ಕು ನಿಮಿಷ ನಾಡಿಯೇ ಇಲ್ಲ. ಅಲ್ಲಿಯವರೆಗೆ ಎಪ್ಪತ್ತೆಂಟರಲ್ಲಿದ್ದದ್ದು ಆಮೇಲೆ ಅರವತ್ತೆರಡಕ್ಕೆ ಇಳಿದಿರುತ್ತದೆ. ಐದು ನಲವತ್ತರ ಸುಮಾರಿಗೆ ಮತ್ತೆ ಸ್ವಲ್ಪ ಹೊತ್ತು ಖಾಲಿ, ಮತ್ತೆ ಎಪ್ಪತ್ತೆಂಟು. ಸೋಮವಾರ ಮಾತ್ರ ಆ ಎರಡನೆಯ ಖಾಲಿ ತುಂಬಲೇ ಇಲ್ಲ.

ಮೂರನೆಯದು ಬೇರೆ ಪುಟದಲ್ಲಿತ್ತು. ಪೊಲೀಸರು ನಿದ್ದೆಯ ಪುಟ ಕೇಳಿದ್ದರು, ಅವರಿಗೆ ನಿದ್ದೆಯ ಪುಟ ಸಿಕ್ಕಿತ್ತು. ಹೆಜ್ಜೆಗಳ ಪುಟವನ್ನು ಯಾರೂ ತೆರೆದಿರಲಿಲ್ಲ. ಸೋಮವಾರ ಐದು ನಲವತ್ತೆರಡಕ್ಕೆ, ಎಂದರೆ ನಾಡಿ ನಿಂತ ಮೇಲೆ, ಬ್ಯಾಂಡು ಹದಿನೆಂಟು ಹೆಜ್ಜೆ ನಡೆದಿತ್ತು.

ಶಿವಪ್ರಕಾಶರಿಗೆ ಫೋನ್ ಮಾಡಿದೆ.

"ಉಸಿರು ಕಟ್ಟಿಸಿದರ ನಾಡಿ ಹೊಯ್ದಾಡಬೇಕಲ್ರಿ ಸರ್. ಇಲ್ಲಿ ನಿಲ್ಲೂ ಮೊದಲ ಒಂದ ಚೂರೂ ಹೊಯ್ದಾಡಿಲ್ಲ. ಕೈಯಿಂದ ಬಿಚ್ಚಿದರ ಹ್ಯಾಂಗ ನಿಲ್ಲತೈತೋ ಹಂಗ ನಿಂತೈತಿ."

"ವಯಸ್ಸಾದವರು, ಎದಿ ದುರ್ಬಲ. ತಟ್ಟನ ನಿಂತಿರತೈತಿ."

"ಹದಿನೆಂಟ ಹೆಜ್ಜಿ?"

"ಹೆಣ ಎತ್ತಿ ಹೊಳ್ಳಿಸಿದಾಗ ಕೈ ಅಲುಗಾಡಿರತೈತಿ. ಮೇಡಂ, ಯಂತ್ರ ಸರಿ ಐತೋ ಇಲ್ಲೋ, ಅಷ್ಟ ಹೇಳ್ರಿ."

ಫೋನ್ ಇಟ್ಟರು. ಬ್ಯಾಂಡನ್ನು ಕಾನ್‌ಸ್ಟೇಬಲನ ವಶಕ್ಕೆ ಒಪ್ಪಿಸಿ, ದಾಖಲೆಯ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಆಟೋ ಹತ್ತಿದೆ.

ನಾರಾಯಣಗೂಡದ ಸಿಗ್ನಲ್ಲಿನಲ್ಲಿ ಕೋಚಿಂಗ್ ಹುಡುಗರ ಗದ್ದಲದ ನಡುವೆ ನನಗೊಂದು ಯೋಚನೆ ಹೊಳೆಯಿತು. ಲಿಂಗಪೂಜೆ! ನಮ್ಮ ತಂದೆಯೂ ಮಾಡುತ್ತಿದ್ದರು. ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಎವೆಯಿಕ್ಕದೆ ಕೂರುವುದು. ಕೈ ಅಲುಗುವುದಿಲ್ಲ, ಉಸಿರು ನಿಧಾನ, ನಾಡಿ ಇಳಿಯುತ್ತದೆ. ಆ ಕೈಯಲ್ಲಿ ಬ್ಯಾಂಡಿದ್ದರೆ ಅದು ಖಂಡಿತ ನಿದ್ದೆ ಎಂದೇ ಬರೆಯುತ್ತದೆ. ಮೊದಲ ಖಾಲಿ ಎಂದರೆ ಸ್ನಾನ. ತೂತು ಬದಲಾದದ್ದು ಪೂಜೆಗೆ ಬಿಗಿ ಮಾಡಿಕೊಂಡದ್ದು.

ಎಂದರೆ ಸಿದ್ದರಾಮಪ್ಪ ಮಲಗಿರಲೇ ಇಲ್ಲ. ಎಚ್ಚರವಾಗಿ ಕೂತ ಆರಡಿ ಗಂಡಸಿನ ಮೂತಿಗೆ ದಿಂಬು ಒತ್ತಲು ನಲವತ್ತು ಕಿಲೋದ ಹಂಪಮ್ಮನಿಂದ ಆಗುತ್ತದೆಯೇ? ಖುಷಿಯಲ್ಲಿ ಆಟೋದವನಿಗೆ ಬೇಗ ಓಡಿಸು ಎಂದು ಕೂಗಿದೆ. ನನ್ನ ಬುದ್ಧಿಗೆ ಎಂಥ ಮಂಕು ಕವಿದಿತ್ತೆಂಬುದು ಇನ್ನರ್ಧ ತಾಸಿನಲ್ಲಿ ಗೊತ್ತಾಗುವುದಿತ್ತು.

ಬಾಗಿಲು ತೆರೆದದ್ದು ಶರಣಬಸಮ್ಮ, ಸಿದ್ದರಾಮಪ್ಪನವರ ಹೆಂಡತಿ. ಗುಬ್ಬಿಯಂಥ ಜೀವ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬಾ ತಂಗಿ. ಕಿರಣ ಇಲ್ಲ, ಏನೋ ಸರ್ಟಿಫಿಕೇಟಿನ ಕೆಲಸ ಅಂತ ಹೋಗ್ಯಾನ. ಉಂಡೀಯೇನು?"

ಗಂಡ ಸತ್ತು ನಾಲ್ಕನೆಯ ದಿನ, ಬಂದವಳಿಗೆ ಉಂಡೀಯೇನು ಎನ್ನುತ್ತಾರೆ. ನನಗೆ ಕಣ್ಣು ತುಂಬಿತು. ತಡೆದುಕೊಂಡೆ. ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಚಾಪೆಯ ಮೇಲೆ ಅವರ ಎದುರು ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಬ್ಯಾಂಡು, ಸಹಿ, ನಾಲ್ಕು ಗಂಟೆಯ ಕೋರ್ಟು. ಕೊನೆಗೆ ನನ್ನ ಲಿಂಗಪೂಜೆಯ ಮಾತು.

"ಅಮ್ಮಾರ, ಒಂದ ಮಾತು ಹೇಳ್ರಿ. ಪೂಜಾ ಮಾಡುವಾಗ ಅವರ ಎಡಗೈಯಾಗ ಪಟ್ಟಿ ಇರತಿತ್ತಲ್ಲ?"

ಶರಣಬಸಮ್ಮ ನನ್ನನ್ನೇ ನೋಡಿದರು.

"ಲಿಂಗ ಹಿಡಿಯೂ ಕೈಯಾಗ ರಬ್ಬರಿನ ಪಟ್ಟಿ ಹ್ಯಾಂಗ ಇಟಗೋತಾರವಾ? ಜಳಕಕ್ಕ ಹೋಗೂ ಮೊದಲ ಬಿಚ್ಚತಿದ್ರು. ಪೂಜಿ ಮುಗಿಯೂತನಕ ಮುಟ್ಟತಿದ್ದಿಲ್ಲ. ಐವತ್ತು ವರ್ಷದ ಮಡಿ ಅದು."

ನನ್ನ ಲೆಕ್ಕ ಕಣ್ಣೆದುರೇ ಕುಸಿಯಿತು. ಹಂಪಮ್ಮನನ್ನು ಉಳಿಸಲು ಇನ್ನು ನನ್ನ ಬಳಿ ಏನೂ ಇರಲಿಲ್ಲ.

"ಹಂಗಾರ ಸೋಮವಾರ ಅವರು ಪೂಜಾ ಮಾಡಲಿಲ್ಲೇನು?"

"ಮಾಡಿದ್ರು. ಹಣಿಮ್ಯಾಲೆ ಹಸೀ ವಿಭೂತಿ ಇತ್ತು. ನಾ ಪೊಲೀಸರಿಗಿ ಹೇಳಿದೆ. ಹೆಣಕ್ಕ ನೀವ ಹಚ್ಚಿರತೀರಿ ಅಂದ್ರು. ಮಂದಿ ಕೂಡಿದ ಮ್ಯಾಲೆ ಮೈತುಂಬ ಹಚ್ಚಿದ್ವಿ, ಹೌದು. ಯಾವುದು ಮೊದಲಿಂದು, ಯಾವುದು ಆಮ್ಯಾಲಿಂದು, ಹ್ಯಾಂಗ ತೋರಿಸಲಿ?"

ಪೂಜೆಯ ಹೊತ್ತಿಗೆ ಬ್ಯಾಂಡು ಅವರ ಕೈಯಲ್ಲಿರಲಿಲ್ಲ. ಆದರೆ ದಿನಾ ಅದೇ ಹೊತ್ತಿನಲ್ಲಿ ಒಂದು ನಾಡಿ ಅರವತ್ತೆರಡರ ಲೆಕ್ಕದಲ್ಲಿ ಶಾಂತವಾಗಿ ಬಡಿದುಕೊಂಡಿದೆ. ಗೂಡಿನಲ್ಲಿಟ್ಟ ಬ್ಯಾಂಡಿಗೆ ನಾಡಿ ಎಲ್ಲಿಂದ ಬರಬೇಕು?

ಶರಣಬಸಮ್ಮನ ಕೈ ನೋಡಿದೆ. ಬಳೆ ತೆಗೆದ ಎಡಗೈ ಮಡಿಲಲ್ಲಿತ್ತು. ಸಣ್ಣ ಮಣಿಕಟ್ಟು, ಮೂರು ತೂತು ಒಳಗೆ ಕಟ್ಟಿದರೆ ಸರಿಯಾಗಿ ಕೂರುವಂಥದ್ದು.

"ಅಮ್ಮಾರ" ಎಂದೆ. "ಆ ನಿದ್ದಿ ನಿಮ್ಮದೇನ್ರಿ?"

ಶರಣಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕಿರಣ ದಿನಾ ಮುಂಜಾನೆ ಆಫೀಸಿನಿಂದ ಫೋನ್ ಮಾಡತಿದ್ದ ತಂಗಿ. 'ಅಪ್ಪಾ, ಐದ ತಾಸು ಐವತ್ತು ನಿಮಿಷ ಮಲಗೀರಿ. ಯಾಕ?' ಅಂತ ಕೇಳತಿದ್ದ. ಡಾಕ್ಟರ ಏಳ ತಾಸು ಅಂದಾರ, ಪೂಜಿ ಎಂಟಕ್ಕ ಮಾಡ್ರಿ ಅಂತ ಬೈತಿದ್ದ. ನಿದ್ದಿ ಗುಳಿಗಿ ತಂದು ಕೊಟ್ಟ. ಅದನ್ನ ನುಂಗಿ ಇವರು ಒಂದ ದಿನ ಪೂಜಿಯೊಳಗ ತೂಕಡಿಸಿ ಲಿಂಗಾ ಕೆಳಗ ಬೀಳಿಸಿದ್ರು. ಆವತ್ತ ಸಣ್ಣ ಕೂಸಿನಂಗ ಅತ್ರು."

"ಆಮೇಲೆ?"

"ನಾನ ಹೇಳಿದೆ. ನಾಕೂವರಿಗಿ ಎದ್ದು ಪಟ್ಟಿ ಬಿಚ್ಚಿ ನನ್ನ ಕೈಗಿ ಕಟ್ಟಿ ಹೋಗ್ರಿ, ನಾ ಹೆಂಗೂ ಮಲಗಿರತೀನಿ ಅಂದೆ. ಗುಳಿಗಿ ಕಿರಣ ಎಣಸತಿದ್ದ. ಅದನ್ನೂ ನಾನ ನುಂಗತಿದ್ದೆ. ಅವರ ಕೋಣ್ಯಾಗ ಪೂಜಿ ಮುಗಿಯೂ ಹೊತ್ತಿಗಿ ಹಂಪಿ ಬಂದು ನನ್ನ ಕೈಯಿಂದ ಬಿಚ್ಚಿ ಅವರಿಗಿ ಒಯ್ದು ಕೊಡತಿದ್ಲು. ಎರಡ ತಿಂಗಳ ಮಗನ ಫೋನಿನ್ಯಾಗ ಏಳ ತಾಸು ಬಂತು. 'ನೋಡ್ರಿ, ಗುಳಿಗಿ ಹ್ಯಾಂಗ ಹಿಡೀತು' ಅಂತ ಹಿಗ್ಗಿದ. ಇವರು ಸೆರಗಿನ್ಯಾಗ ಮುಖಾ ಮುಚ್ಚಿಕೊಂಡು ನಕ್ಕರು. ನನ್ನ ಸೆರಗಿನ್ಯಾಗ."

ಎಪ್ಪತ್ತು ದಾಟಿದ ಇಬ್ಬರು, ಮಗನ ಕಣ್ಣು ತಪ್ಪಿಸಿ ಆಡಿದ ಆಟ! ಇನ್ನೊಂದು ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಎಲ್ಲವೂ ತಿಳಿಯಾಯಿತು. ಸೋಮವಾರವೂ ಹಂಪಮ್ಮ ದಿನದಂತೆ ಬಂದಿದ್ದಾಳೆ. ಐದು ನಲವತ್ತೊಂದಕ್ಕೆ ಗುಳಿಗೆಯ ಮಂಪರಿನಲ್ಲಿದ್ದ ಇವರ ಕೈಯಿಂದ ಬ್ಯಾಂಡು ಬಿಚ್ಚಿಕೊಂಡು ಹದಿನೆಂಟು ಹೆಜ್ಜೆ ನಡೆದು ಅಜ್ಜನ ಕೋಣೆಗೆ ಹೋಗಿದ್ದಾಳೆ. ಅಲ್ಲಿ ಹೆಣ. ಬ್ಯಾಂಡು ಅಮ್ಮನ ಕೋಣೆಯಲ್ಲಿ ಸಿಕ್ಕರೆ ಗುಟ್ಟು ಬಯಲಾಗಿ ಅಮ್ಮನನ್ನು ಬೈಯುತ್ತಾರೆ ಎಂದು ಹೆದರಿ, ಅದನ್ನು ಸತ್ತವರ ಕೈಗೇ ಕಟ್ಟಿ ಓಡಿದ್ದಾಳೆ. ಹುಚ್ಚಿ! ಎಷ್ಟೋ ಮೊದಲೇ ಆಗಿಹೋಗಿದ್ದ ಸಾವನ್ನು ತನ್ನ ಕೈಯಾರೆ ತಾನಿದ್ದ ಹೊತ್ತಿಗೇ ಎಳೆದು ಕಟ್ಟಿಕೊಂಡಿದ್ದಾಳೆ. ಈಗ ಜೈಲಿಗೆ ಹೋಗುವ ಹೊತ್ತಿನಲ್ಲೂ ಅಮ್ಮನ ಗುಟ್ಟನ್ನೇ ಕಾಯುತ್ತಿದ್ದಾಳೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಹಂಪಿನ್ನ ಹಿಡದಾರ ಅಂತ ಕಿರಣ ನನಗ ಹೇಳಲೇ ಇಲ್ಲ" ಎಂದರು ಶರಣಬಸಮ್ಮ. "ಊರಿಗಿ ಹೋಗ್ಯಾಳ ಅಂದ."

ನಾನು ಸೋಮವಾರದ ಹಾಳೆಯನ್ನು ಅವರ ಮುಂದೆ ಹಾಸಿದೆ.

"ಅಮ್ಮಾರ, ಇದು ನಿಮ್ಮ ನಾಡಿ. ನಾಲ್ಕು ಮೂವತ್ತೊಂಬತ್ತಕ್ಕ ನಿಮ್ಮ ಕೈಗಿ ಬಂದೈತಿ. ಅರವತ್ತೆರಡು, ಅರವತ್ತೆರಡು, ಅರವತ್ತೊಂದು. ಇಲ್ಲಿ ನೋಡ್ರಿ, ನಾಲ್ಕು ಐವತ್ತೆಂಟಕ್ಕ ಒಮ್ಮೆಲೇ ತೊಂಬತ್ತೊಂದು. ಎರಡ ನಿಮಿಷ ಎಚ್ಚರ ಆಗೀರಿ. ಪೊಲೀಸರು ಅಪ್ಪಾರು ಮಗ್ಗಲಾ ಬದಲಿಸ್ಯಾರ ಅಂತ ಓದಿರಬೇಕು. ಆ ಎರಡ ನಿಮಿಷದಾಗ ಏನು ಕೇಳಿಸ್ತು ನಿಮಗ?"

"ಗುಳಿಗಿ ನುಂಗಿದಾಕಿ ನಾ. ಕನಸೋ ಖರೇನೋ..."

"ಕನಸೇ ಇರಲಿ. ಹೇಳ್ರಿ."

ಅವರು ಹಾಳೆಯ ಮೇಲಿನ ಆ ಗೆರೆಯನ್ನು ಬೆರಳಿನಿಂದ ಸವರಿದರು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ದನಿ ಕೇಳಿಸ್ತು. 'ನೀವು ಮಲಗಿಲ್ಲೇನ್ರಿ ಅಪ್ಪಾ? ಫೋನಿನ್ಯಾಗ ಮಲಗೀರಿ ಅಂತ ಐತಲ್ಲ!' ಅಂತ."

ಆ ಮಾತು ತಾವು ಆಡಿದ ಮೇಲಷ್ಟೇ ಅವರ ಕಿವಿಗೂ ಬಿದ್ದಂತಿತ್ತು. ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

ಕಾರು ಗೇಟು ದಾಟಿದ್ದು ಐದು ಐದಕ್ಕೆ. ಈ ದನಿ ನಾಲ್ಕು ಐವತ್ತೆಂಟಕ್ಕೆ. ನಡುವೆ ಏಳು ನಿಮಿಷ.

"ಮಲಗ್ಯಾರ ಅಂತ ನಂಬಿ ಒಳಗ ಹೋಗ್ಯಾನ" ಎಂದರು ಶರಣಬಸಮ್ಮ, ಬಹಳ ಮೆಲ್ಲಗೆ. "ಹಂಗ ನಂಬಿಸಿದಾಕಿ ನಾನ. ನನ್ನ ಕೈಯಾಗಿನ ಪಟ್ಟಿ ನಂಬಿ ಹೋಗ್ಯಾನ. ಎಚ್ಚರ ಅದಾರ ಅಂತ ಗೊತ್ತಿದ್ರ ಹೋಗತಿದ್ದಿಲ್ಲ."

"ಅಪ್ಪ ಮಲಗಿದಾಗ ಅವರ ಕೋಣ್ಯಾಗ ಏನು ಕೆಲಸ ಅಮ್ಮಾರ?"

"ಕಪಾಟಿನ ಕೀಲಿ ದಿಂಬಿನ ಬುಡಕ ಇರತಿತ್ತು. ಆ ಕಪಾಟು ಇವರು ಯಾರಿಗೂ ತಗೀಲಾಕ ಬಿಡತಿದ್ದಿಲ್ಲ. ನನಗೂ."

"ಏನಿತ್ತು ಅದರಾಗ?"

ಅವರು ಗಂಡನ ಕೋಣೆಯ ಬಾಗಿಲಿನ ಕಡೆ ತಿರುಗಿದರು. ನಾನು ಗಡಿಯಾರ ನೋಡಿದೆ, ಎರಡು ಹತ್ತು. ಕಪಾಟು ಎಲ್ಲಿಗೂ ಓಡಿಹೋಗುವುದಿಲ್ಲ, ಹಂಪಮ್ಮನನ್ನು ವ್ಯಾನು ಹತ್ತಿಸುತ್ತಾರೆ. ಅವರ ಎರಡೂ ಕೈ ಹಿಡಿದುಕೊಂಡೆ.

"ಅಮ್ಮಾರ, ಕಪಾಟಿನ ಮಾತು ಬ್ಯಾಡ. ಮಗನ ಹೆಸರೂ ಬ್ಯಾಡ. ಪಟ್ಟಿ ನನ್ನ ಕೈಯಾಗ ಇತ್ತು ಅಂತ ಒಂದ ಮಾತು ಇನ್ಸ್‌ಪೆಕ್ಟರರಿಗೆ ಹೇಳ್ರಿ. ಅಷ್ಟಕ್ಕ ಹಂಪಮ್ಮ ಉಳೀತಾಳ. ಉಳಿದದ್ದು ಅವರು ನೋಡಿಕೊಳ್ಳಲಿ."

"ಅಷ್ಟ ಹೇಳಿದರ ಉಳಿದದ್ದು ತಾನ ಬರತೈತಲ್ಲ ತಂಗಿ. ನಾ ಅವನ ಹಡದಾಕಿ."

ಹೊಟ್ಟೆಯ ಮಗನನ್ನೂ ಕಸ ಗುಡಿಸುವವಳನ್ನೂ ತಕ್ಕಡಿಯಲ್ಲಿಡು ಎಂದು ಒಬ್ಬ ತಾಯಿಗೆ ಹೇಳಲು ನಾನು ಯಾರು? ಆದರೂ ಹೇಳಿದೆ. ನಾಚಿಕೆ ಬಿಟ್ಟು ಹೇಳಿದೆ.

"ಹಂಪಮ್ಮ ನಿಮ್ಮ ಸಲುವಾಗಿ ಬಾಯಿ ಮುಚ್ಚಿಕೊಂಡು ಕುಂತಾಳ್ರಿ. ನಿಮಗ ಯಾರೂ ಬೈಬಾರದು ಅಂತ. ಅಷ್ಟಕ್ಕ ಅಮ್ಮಾರ. ಬೈಗಳ ತಪ್ಪಿಸಾಕ."

ಶರಣಬಸಮ್ಮ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು, ಯಾವ ಮಂತ್ರವೋ ಗೊತ್ತಿಲ್ಲ. ಆಮೇಲೆ ಕಣ್ಣು ತೆರೆದು, "ಹಚ್ಚು ಫೋನು" ಎಂದರು.

ಶಿವಪ್ರಕಾಶ ಮೊದಲ ಗಂಟೆಗೇ ಎತ್ತಿದರು. ಸ್ಪೀಕರಿಗೆ ಹಾಕಿ ಅವಸರದಲ್ಲಿ ಹೇಳಿದೆ: "ಸರ್, ದಾಖಲೆಯಲ್ಲಿ ಇರೋ ನಿದ್ದಿ ಮೃತರದ್ದಲ್ಲ. ಅಮ್ಮಾರೇ ಹೇಳ್ತಾರ, ಕೇಳ್ರಿ."

"ಅಂದರ? ಅಮ್ಮಾರ, ಹೇಳ್ರಿ. ನಾ ಬರಕೋತೀನಿ."

ಅಷ್ಟರಲ್ಲಿ ಹೊರಬಾಗಿಲ ಬೀಗದಲ್ಲಿ ಕೀಲಿ ತಿರುಗಿತು.

ಬಸವಕಿರಣ ಒಳಗೆ ಬಂದ. ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು. ನನ್ನನ್ನು ನೋಡಿದ. ನೆಲದ ಮೇಲಿದ್ದ ಹಾಳೆಯನ್ನು ನೋಡಿದ. ಫೋನನ್ನು ನೋಡಿದ. ಮುಖದಲ್ಲಿ ಗಾಬರಿಯೇನೂ ಕಾಣಲಿಲ್ಲ.

"ಸರ್ವಿಸ್ ಸೆಂಟರಿನ ಮೇಡಂ ಅಲ್ಲೇನ್ರಿ? ಕುಂಡ್ರಿ, ಕುಂಡ್ರಿ. ಯಾರು, ಸಾಹೇಬರಾ ಫೋನಿನ್ಯಾಗ? ನಮಸ್ಕಾರ ಸರ್. ಒಂದ ನಿಮಿಷ ರೀ."

ಚೀಲದಿಂದ ಪುಟ್ಟ ಡಬ್ಬಿ ತೆಗೆದು ತಾಯಿಯ ಪಕ್ಕ ಮಂಡಿಯೂರಿ ಕೂತ. ಡಬ್ಬಿಯೊಳಗೆ ಹೊಸ ಬ್ಯಾಂಡಿತ್ತು.

"ಅವ್ವಾ, ಅಪ್ಪ ಹೋದಾಗಿಂದ ನೀ ಸರಿಯಾಗಿ ಮಲಗವಲ್ಲಿ. ನನಗ ಆಫೀಸಿನ್ಯಾಗ ಕುಂತರೂ ನಿಂದ ಚಿಂತಿ. ಗಾಡ್ಯಾಗ ಕುಂತು ಫೋನಿಗಿ ಜೋಡಿಸೇ ತಂದೀನಿ. ಕೈ ಕೊಡು."

ಶರಣಬಸಮ್ಮ ಕೈ ಕೊಟ್ಟರು.

ಅವನು ಜೋಪಾನವಾಗಿ ಕಟ್ಟಿದ. ಚರ್ಮ ಸಿಕ್ಕಿಹಾಕಿಕೊಳ್ಳದಂತೆ ಬೆರಳು ಅಡ್ಡ ಇಟ್ಟು ಕಟ್ಟಿದ. ಮಗನ ನೆತ್ತಿಯನ್ನೇ ತಾಯಿ ನೋಡುತ್ತಿದ್ದರು.

"ಅಮ್ಮಾರ?" ಫೋನಿನಿಂದ ಶಿವಪ್ರಕಾಶರ ದನಿ. "ಟೈಮ್ ಇಲ್ಲ ರೀ. ಆ ಪಟ್ಟಿ ವಿಷಯ ಏನೋ ಹೇಳತೀನಂದ್ರಂತ. ಯಾರ ಕೈಯಾಗಿತ್ತು?"

"ಹೇಳವ್ವಾ" ಎಂದ ಬಸವಕಿರಣ, ತಲೆಯೆತ್ತದೆ. "ಸಾಹೇಬರು ಕಾಯಾಕತ್ತಾರ."

ಹೇಳಿಬಿಡಿ ತಾಯಿ, ಒಂದೇ ಮಾತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅವರ ಕೈಯಾಗ ಇತ್ರಿ" ಎಂದರು ಶರಣಬಸಮ್ಮ. ದನಿ ಒಂದಿಷ್ಟೂ ನಡುಗಲಿಲ್ಲ. "ನಾ ಒಂದ ದಿನಾನೂ ಕಟಗೊಂಡಿಲ್ಲ. ಈ ತಂಗಿ ಏನೋ ತಪ್ಪು ತಿಳಕೊಂಡಾಳ."

"ಕೇಳಿದ್ರೇನ್ರಿ ಮೇಡಂ? ಮೂರಕ್ಕ ಕಾಗದಾ ಕಳಸ್ರಿ" ಎಂದು ಶಿವಪ್ರಕಾಶ ಫೋನ್ ಇಟ್ಟರು.

ನನಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಹಾಳೆ ಎತ್ತಿಕೊಳ್ಳಲು ಬಗ್ಗಿದಾಗ ಶರಣಬಸಮ್ಮನ ಮಣಿಕಟ್ಟು ನನ್ನ ಕಣ್ಣ ಮುಂದೆಯೇ ಇತ್ತು. ಹೊಸ ಬ್ಯಾ‍ಂಡಿನ ಗಾಜಿನ ಮೇಲೆ ಅಂಕಿ ಹೊಳೆಯುತ್ತಿತ್ತು. ನೂರಾ ಹದಿನಾಲ್ಕು. ನೂರಾ ಇಪ್ಪತ್ತು. ನೂರಾ ಇಪ್ಪತ್ತೇಳು.

ತಲೆಯೆತ್ತಿದೆ. ಬಸವಕಿರಣ ತನ್ನ ಫೋನಿನಲ್ಲಿ ಅದೇ ಅಂಕಿಗಳನ್ನು ನೋಡುತ್ತಿದ್ದ.